ಲುಸ್ವೇತಿ ಕೊಯ್ಸಿದ ಸೈಲೆನ್ಸರ್

ಚ್ವೆಲೆ ಸಂತೆಯ ಬೋಡಾ ಸ್ಟ್ಯಾಂಡಿನಲ್ಲಿ ಬೋಡಾಗಳಿಗೆ, ಅಂದರೆ ಜನರನ್ನು ಕೂರಿಸಿಕೊಂಡು ಹೋಗುವ ಬಾಡಿಗೆ ಬೈಕುಗಳಿಗೆ, ಏನೂ ಬರವಿಲ್ಲ. ಆದರೂ ಖಾಯೆಂಬನ ಬೈಕು ಬಂತೆಂದರೆ ಬಾಳೆಗೊನೆ ಮಾರುವ ಹೆಂಗಸರೂ ತಲೆ ಎತ್ತಿ ನೋಡುತ್ತಿದ್ದರು. ಮನೆಯ ಹಿರಿಯರು ಗಂಟಲು ಸರಿಮಾಡಿಕೊಂಡು ಮಾತಾಡಿದ ಹಾಗೆ ದಪ್ಪನೆಯ, ಮೆದುವಾದ ಸದ್ದು ಅದರದ್ದು. ಅದು ಕಿವಿಗೆ ಬಿದ್ದಾಗಲೆಲ್ಲ ಲುಸ್ವೇತಿಗೆ ಹೊಟ್ಟೆ ಉರಿಯುತ್ತಿತ್ತು. ಇಬ್ಬರದೂ ಒಂದೇ ಸ್ಟ್ಯಾಂಡು, ಇಬ್ಬರದೂ ಒಂದೇ ಕಂಪನಿಯ ಬೈಕು. ಅವನದು ಹಾಗೆ ಹಾಡಬೇಕು, ತನ್ನದು ಹೊಲಿಗೆ ಮಿಷನ್ನಿನಂತೆ ಕಟಕಟ ಅನ್ನಬೇಕೇ?

ಅಷ್ಟರಲ್ಲಿ ಲುಸ್ವೇತಿಯ ನಾದಿನಿಯ, ಹೆಂಡತಿಯ ತಂಗಿಯ, ಮದುವೆ ಬಂತು. ಮದುಮಗಳನ್ನು ಬೋಡಾ ಬೈಕುಗಳ ಸಾಲಿನಲ್ಲಿ ಮೆರೆಸಿಕೊಂಡು ಹೋಗಬೇಕು. ಹೆಂಡತಿ ನೆಕೆಸಾ ತವರಿನಿಂದ ಬಂದವಳೇ, ಎಂದಿನಂತೆ ಮಗನ ಹೆಸರು ಹಿಡಿದು ಗಂಡನನ್ನು ಕರೆದು ಹೇಳಿದಳು:

“ವಾಂಜಲನ ಅಪ್ಪಾ, ಬೇಜಾರು ಮಾಡ್ಕೋಬೇಡಿ. ಮದುಮಗಳನ್ನ ಖಾಯೆಂಬನ ಗಾಡೀಲಿ ಕೂರಿಸ್ಬೇಕಂತೆ. ಅಮ್ಮನ ಆಸೆ.”

“ಆ ಮನೆ ಅಳಿಯ ನಾನೋ, ಅವನೋ?”

“ಅಳಿಯ ನೀವೇ. ಸದ್ದು ಅವನದು.”

ಆ ರಾತ್ರಿ ಲುಸ್ವೇತಿಗೆ ಊಟ ಸೇರಲಿಲ್ಲ. ಬೆಳಗಾಗುತ್ತಲೇ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗೆ ಹೋಗಿ ಸೈಲೆನ್ಸರ್ ಕೊಯ್ಸಿ, ಒಳಗಿದ್ದ ತಗಡು, ಕೊಳವೆಗಳನ್ನೆಲ್ಲ ಕಿತ್ತು ಹಾಕಿಸಿದ. ಬೈಕು ಆರ್ಭಟಿಸಿತು. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಇವನ ಎದೆ ಉಬ್ಬಿತು.

ಉಬ್ಬಿದ ಎದೆ ಏರು ದಾರಿಯಲ್ಲೇ ಇಳಿಯಿತು. ಮೊದಲು ಇಬ್ಬರನ್ನು ಕೂರಿಸಿಕೊಂಡು ಹತ್ತುತ್ತಿದ್ದ ಬೈಕು ಈಗ ಒಬ್ಬರಿಗೇ ಏದುಸಿರು ಬಿಟ್ಟಿತು. ವೇಗ ಇಳಿಸಿದರೆ ಪಟಪಟ ಸಿಡಿಯಿತು. “ನಿನ್ನ ಗಾಡಿ ಹತ್ಬೇಕಾದ್ರೆ ಕಿವಿ ಬಿಚ್ಚಿ ಮನೇಲಿಟ್ಟು ಬರ್ಬೇಕೇನಯ್ಯಾ?” ಎಂದು ಮುದುಕಿಯೊಬ್ಬಳು ಅರ್ಧ ದಾರಿಯಲ್ಲೇ ಇಳಿದು ಹೋದಳು.

ಇದೆಲ್ಲ ಹೋಗಲಿ. ಅತ್ತೆ ಅಳಿಯ ಎದುರುಬದುರಾಗುವುದು ಆ ಸೀಮೆಯ ಜನರಲ್ಲಿ ಮಹಾ ನಾಚಿಕೆಯ ಸಂಗತಿ. ಲುಸ್ವೇತಿಯ ಹಳೆಯ ಕಟಕಟ ದೂರದಲ್ಲಿ ಕೇಳಿದರೆ ಸಾಕು, ಅತ್ತೆ ನಾಬ್ವಿಲೆ ದಾರಿ ಬಿಟ್ಟು ಮೆಕ್ಕೆಜೋಳದ ಹೊಲಕ್ಕೆ ಇಳಿದುಬಿಡುತ್ತಿದ್ದಳು. ಈ ಹೊಸ ಆರ್ಭಟ ಅವಳಿಗೆ ಗುರುತೇ ಸಿಗಲಿಲ್ಲ. ಪೇಟೆಯ ಯಾರೋ ಇರಬೇಕೆಂದು ತಿರುವಿನಲ್ಲಿ ಕೈ ಅಡ್ಡ ಹಾಕಿದಳು.

“ನಿಲ್ಸಪ್ಪಾ, ಸಂತೆವರೆಗೂ ಬಿಡು...”

ನೋಡಿದರೆ ಅಳಿಯ! ಬುಟ್ಟಿ ಅಲ್ಲೇ ಬಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬೇಲಿಯತ್ತ ತಿರುಗಿದಳು. ಲುಸ್ವೇತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ನೆಕೆಸಾ ಸುದ್ದಿ ತಂದಳು. “ಅಮ್ಮ ಹೇಳಿ ಕಳ್ಸಿದಾಳೆ, ಆ ಹುಚ್ಚು ಗಾಡಿ ಮದುವೆ ಅಂಗಳಕ್ಕೆ ಕಾಲಿಡಕೂಡದಂತೆ. ಹೋಗಿ, ಸರಿಮಾಡೋದು ಹೇಗಂತ ಖಾಯೆಂಬನ್ನೇ ಕೇಳಿ.”

“ಸತ್ತರೂ ಅವನ್ನ ಕೇಳಲ್ಲ!”

“ಹಂಗಾದ್ರೆ ಮದುವೆ ದಿನ ಮರದ ಹಿಂದೆ ನಿಂತು ನೋಡಿ.”

ಹಲ್ಲು ಕಚ್ಚಿಕೊಂಡು ಹೋದ. ಖಾಯೆಂಬ ಚಹಾ ಕುಡಿಯುತ್ತಾ ಕೂತಿದ್ದ.

“ನೀನೂ ಕೊಯ್ಸಿರ್ತೀಯ. ಗುಟ್ಟು ಹೇಳು,” ಎಂದ ಲುಸ್ವೇತಿ.

“ಒಂದು ಚೂರೂ ಕೊಯ್ಸಿಲ್ಲ ಮಾರಾಯ. ಒಳಗಿನ ತಗಡು, ಕೊಳವೆಯ ತಡೆ ಇರೋದು ಸದ್ದು ತಗ್ಗಿಸೋಕೆ ಮಾತ್ರ ಅಂದ್ಕೊಂಡ್ಯಾ? ಹೊಗೆ ಹೊರಗೆ ಹೋಗೋ ಹದಾನೂ ಅದೇ ನೋಡ್ಕೊಳ್ಳತ್ತೆ. ಪೂರಾ ಬಯಲು ಮಾಡಿದ್ರೆ ನಮ್ಮಂಥ ಸಣ್ಣ ಇಂಜಿನ್ನಿಗೆ ಏರಲ್ಲಿ ಎಳೆತ ಇರಲ್ಲ.”

“ಮತ್ತೆ ನಿನ್ನ ಸದ್ದು?”

“ನನ್ನ ಇಂಜಿನ್ ಅಳತೆಗೆ ಹೊಂದೋ ಸೈಲೆನ್ಸರ್ ಹಾಕಿಸ್ದೆ. ಒಳಗೆ ತೂತಿನ ಕೊಳವೆ, ಸುತ್ತ ಗಾಜಿನ ಎಳೆಯ ಉಣ್ಣೆ, ಗ್ಲಾಸ್ ವೂಲ್ ಅಂತಾರಲ್ಲ, ಅದು. ಕರ್ಕಶ ಸದ್ದನ್ನ ಅದು ನುಂಗತ್ತೆ, ದಪ್ಪ ಸದ್ದನ್ನ ಬಿಡತ್ತೆ. ಇಂಜಿನ್ ಹತ್ರದ ಜಾಯಿಂಟಿಗೆ ಹೊಸ ಗ್ಯಾಸ್ಕೆಟ್. ಅಲ್ಲಿ ಗಾಳಿ ಸೋರಿದ್ರೂ ಪಟಪಟ ಸಿಡಿಯತ್ತೆ. ಕೊನೆಗೆ ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬುರೇಟರ್ ಹದ ಮಾಡಿಸ್ದೆ. ಎಲ್ಲಿ, ನಿನ್ನ ಪ್ಲಗ್ ತೋರ್ಸು.”

ಬಿಚ್ಚಿ ನೋಡಿದರೆ ಪ್ಲಗ್ಗಿನ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು.

“ನೋಡು, ಗಾಳಿಗೆ ತಕ್ಕ ಪೆಟ್ರೋಲ್ ಸಿಕ್ತಿಲ್ಲ, ಇಂಜಿನ್ ಬೇಯ್ತಿದೆ. ತಿಳಿ ಕಂದು ಬಣ್ಣ ಇರ್ಬೇಕು. ಇನ್ನೊಂದಷ್ಟು ದಿನ ಹೀಗೇ ಓಡ್ಸಿದ್ರೆ ಪಿಸ್ಟನ್ನೇ ಹೋಗ್ತಿತ್ತು.”

ಇಷ್ಟು ದಿನ ಯಾರನ್ನು ಕಂಡರೆ ಮೈ ಉರಿಯುತ್ತಿತ್ತೋ ಅವನೇ ಜೊತೆಗೆ ನಿಂತು, ಹೊಂದುವ ಸೈಲೆನ್ಸರ್ ಹಾಕಿಸಿ ಎಲ್ಲ ಸರಿಮಾಡಿಸಿದ. ಬೈಕು ದಪ್ಪನೆಯ, ಮೆದುವಾದ ಸದ್ದಿನಲ್ಲಿ ಏರು ಹತ್ತಿತು. ಮನೆಯ ಮುಂದೆ ನಿಲ್ಲಿಸಿದಾಗ ನೆಕೆಸಾ ತಾನಾಗಿಯೇ ಹತ್ತಿ ಕೂತು, “ಇನ್ನು ಆ ವೆಲ್ಡಿಂಗ್ ಅಂಗಡಿ ಕಡೆ ತಲೆ ಹಾಕಿದ್ರೆ ನೋಡಿ!” ಎಂದಳು.

ಮದುವೆಯ ದಿನ ಖಾಯೆಂಬ ಮದುಮಗಳನ್ನು ಕೂರಿಸಿಕೊಂಡು ಮುಂದೆ ಹೋದ, ಲುಸ್ವೇತಿ ಅವನ ಹಿಂದೆ. ಅಡುಗೆಮನೆಯ ಮರೆಯಲ್ಲೇ ಇದ್ದ ಅತ್ತೆ ನೆಕೆಸಾಳ ಕೈಲಿ ಕೇಳಿಸಿದಳು: “ಆ ಎರಡನೇ ಗಾಡಿ ಯಾರದು? ಮುಂದಿನದಕ್ಕಿಂತ ಅದರ ಸದ್ದೇ ಚೆಂದ.”

ಲುಸ್ವೇತಿಯ ಮುಖ ಅರಳಿತು. ಖಾಯೆಂಬನ ಮುಖ ಇಷ್ಟು ಚಿಕ್ಕದಾಯಿತು. ಆಮೇಲೆ ನೋಡಿದರೆ ಆತ ಲುಸ್ವೇತಿಯ ಸೈಲೆನ್ಸರ್ ಪಕ್ಕ ಕುಕ್ಕುರುಗಾಲಲ್ಲಿ ಕೂತು ಬಗ್ಗಿ ಬಗ್ಗಿ ನೋಡುತ್ತಿದ್ದ.

ಬೈಕ್ ಓಡಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಗಾಡಿಯ ಸದ್ದು ಚೆನ್ನಾಗಿರಲಿ ಎಂದು ಆಸೆಪಡುವುದು ತಪ್ಪಲ್ಲ. ಆದರೆ ಸೈಲೆನ್ಸರ್ ಕೊಯ್ಸಬೇಡಿ, ಬರಿದು ಮಾಡಬೇಡಿ. ನಿಮ್ಮ ಇಂಜಿನ್ನಿಗೆ ಹೊಂದುವುದನ್ನೇ, ಕಾನೂನು ಒಪ್ಪುವಷ್ಟೇ ಸದ್ದಿನದನ್ನು ಹಾಕಿಸಿ. ಜಾಯಿಂಟ್ ಬಿಗಿಯಾಗಿರಲಿ, ಕಾರ್ಬುರೇಟರ್ ಹದವಾಗಿರಲಿ, ಪ್ಲಗ್ಗಿನ ಬಣ್ಣ ನೋಡುತ್ತಿರಿ. ಮತ್ತೆ ಯಾರ ಬೈಕಿನ ಮೇಲೆ ನಿಮಗೆ ಹೊಟ್ಟೆಕಿಚ್ಚಿದೆಯೋ, ಮೊದಲು ಹೋಗಿ ಅವರನ್ನೇ ಕೇಳಿ.