ಸಾಹೇಬರ ಬಿಳಿ ಟವೆಲ್

ಫ್ಲೆಕ್ಸಿಗೆ ಸಾವಿರದ ಎಂಟುನೂರು. ಶಾಲು, ಹಾರ, ಹಣ್ಣಿನ ಬುಟ್ಟಿಗೆ ಒಂದೂವರೆ ಸಾವಿರ. ಮಧ್ಯಾಹ್ನದ ಕಾಣೆ ಮೀನಿನ ಫ್ರೈ ಲೆಕ್ಕ ಬೇರೆ. ಭಾಷಣಕ್ಕೆ ಬರುವ ತಹಶೀಲ್ದಾರ್ ಸಾಹೇಬರು ಕೂರುವ ಕುರ್ಚಿಗೆ ಹೊದಿಸಲು ಬಿಳಿ ಟವೆಲ್ ಇನ್ನೂರೈವತ್ತು. ಕಾಲೇಜು ಗುಡಿಸುವ ನನಗೆ ದಿನಕ್ಕೆ ಮುನ್ನೂರೈವತ್ತು. ಟವೆಲಿಗಿಂತ ನಾನು ನೂರು ರೂಪಾಯಿ ಹೆಚ್ಚಿನವಳು ಅಂದುಕೊಂಡು ಅದರ ಸುಕ್ಕು ಬಿಡಿಸಲು ಹೋದೆ.

"ಹ್ವಾಯ್ ರತ್ನ! ಮುಟ್ಬೇಡ ಅದನ್ನ! ಸಾಹೇಬ್ರ್ ಕೂಕಂಬುದ್. ಕಕ್ಕಸ್ ತೊಳ್ದ್ ಕೈಯಂಗೆ ಮುಟ್ತಿಯಲೆ, ಮಂಡೆ ಸಮ ಇತ್ತಾ ನಿಂಗೆ?"

ಕೂಗಿದವರು ಕಾರ್ಯಕ್ರಮದ ಸಂಚಾಲಕರು ಗೌರೀಶ್ ಸರ್. ಬೆಳಿಗ್ಗೆ ನಾನು ತೊಳೆದದ್ದು ಅವರದೇ ಕಕ್ಕಸು.

ಫ್ಲೆಕ್ಸಿನಲ್ಲಿ 'ನೀವೂ ಅಧಿಕಾರಿಯಾಗಿ! ನಾಗರಿಕ ಸೇವಾ ಪರೀಕ್ಷೆಗಳ ಪರಿಚಯ' ಎಂದು ಬರೆದಿತ್ತು. ನನ್ನ ಮಗಳು ನವ್ಯಾ ಇದೇ ಕಾಲೇಜಿನಲ್ಲಿ ಕೊನೆಯ ವರ್ಷದ ಬಿಎ. ಆ ಪರೀಕ್ಷೆಗೆ ಸರ್ಕಾರವೇ ಬಿಟ್ಟಿಯಾಗಿ ಕೋಚಿಂಗ್ ಕೊಡುತ್ತದಂತೆ. ಅರ್ಜಿಗೆ ಇವತ್ತು ಸಂಜೆ ಐದು ಗಂಟೆ ಕೊನೆ. ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ಬರೆದುಕೊಟ್ಟು ನಲವತ್ತು ದಿನ. ಸಾಹೇಬರು ಕಂಪ್ಯೂಟರಿನಲ್ಲಿ ಒಂದು ಸಲ ಒತ್ತಿದರೆ ಮುಗಿಯಿತು. ಅರ್ಧ ದಿನದ ಕೂಲಿ ಬಿಟ್ಟು ಆರು ಸಲ ಕಚೇರಿಗೆ ಹೋದೆ. ಗುಮಾಸ್ತ ಯೋಗೀಶ್ ಪಾಪದವನು.

"ಸಾಹೇಬ್ರ್ ಇಲ್ಲೆ ರತ್ನಕ್ಕ. ಬಸ್ರೂರಿಗೆ ಹೋಯ್ರ್, ಭಾಷಣಕ್ಕೆ."

ಮುಂದಿನ ಸಲ ಶಿರೂರು. ಅದರ ಮುಂದಿನ ಸಲ ವಂಡ್ಸೆ.

"ಎಂತ ಭಾಷಣವಾ ಅದ್?"

"ಮಕ್ಳ್ ಸರ್ಕಾರಿ ಸೇವೆಗೆ ಬರ್ಕ್ ಅಂದೇಳಿ."

ಏಳನೆಯ ಸಲ ನಾನು ಹೋಗಬೇಕಾಗಲಿಲ್ಲ. ಸಾಹೇಬರೇ ನಾನು ಒರೆಸಿದ ವೇದಿಕೆಗೆ ಬಂದರು.

ಒಂದೂಕಾಲು ಗಂಟೆ ಮಾತಾಡಿದರು. ಬಡವರ ಕಣ್ಣೀರು ಒರೆಸುವ ಭಾಗ್ಯ ಇನ್ಯಾವ ಕೆಲಸದಲ್ಲೂ ಇಲ್ಲವಂತೆ. ಗೌರೀಶ್ ಸರ್ ಕೈ ಎತ್ತಿದಲ್ಲೆಲ್ಲ ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಪ್ರಶ್ನೆ. ಅದನ್ನೂ ಗೌರೀಶ್ ಸರ್ ಚೀಟಿಯಲ್ಲಿ ಬರೆದು ಬೆಳಿಗ್ಗೆಯೇ ಹಂಚಿದ್ದರು. "ಬಡವ್ರ ಮಕ್ಳ್ ಒಂದ್ ಕೇಂಡ್ರೆ ಚಂದ ಕಾಣತ್ತ್" ಎಂದು ನವ್ಯಾಳಿಗೂ ಒಂದು ಕೊಟ್ಟಿದ್ದರು: 'ದಿನಕ್ಕೆ ಎಷ್ಟು ಗಂಟೆ ಓದಬೇಕು ಸರ್?'

ಅವಳು ಮೈಕ್ ಹಿಡಿದಳು. ಚೀಟಿ ಮಡಚಿದಳು.

"ಸರ್, ನನ್ನ ಆದಾಯ ಪ್ರಮಾಣಪತ್ರ ನಿಮ್ಮ ಕಂಪ್ಯೂಟರಂಗೆ ನಲ್ವತ್ ದಿನದಿಂದ ಇತ್ತ್. ಅಮ್ಮ ಆರ್ ಸಲ ಬಂದ್ಲ್. ಆರ್ ಸಲವೂ ನೀವ್ ಭಾಷಣಕ್ಕೆ ಹೋಯಿದ್ರಿ. ಇವತ್ತ್ ಐದ್ ಗಂಟೆಗೆ ಕಡೆ. ನಾವ್ ದಿನಕ್ಕೆ ಎಷ್ಟ್ ಗಂಟೆ ಓದ್ಕ್ ಅಂಬುದ್ ಇರ್ಲಿ, ನೀವ್ ಎಷ್ಟ್ ಗಂಟೆ ಕಚೇರಿಯಂಗೆ ಇರ್ತ್ರಿ ಸರ್?"

ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. ಸಾಹೇಬರು ನೀರು ಕುಡಿದು ನಕ್ಕರು.

"ಒಳ್ಳೆಯ ಪ್ರಶ್ನೆ. ಆಡಳಿತಕ್ಕೆ ಬರುವವರಿಗೆ ಮೊದಲು ಬೇಕಾದದ್ದು ತಾಳ್ಮೆ. ಮುಂದಿನ ಪ್ರಶ್ನೆ?"

ಊಟ ಮುಗಿಯುವಾಗ ಮೂರು ಗಂಟೆ. ಸಾಹೇಬರು ಕಾಣೆ ಫ್ರೈ ಎರಡು ಸಲ ಹಾಕಿಸಿಕೊಂಡರು. ಕೈ ತೊಳೆಯುವಲ್ಲಿ ಹೋಗಿ ನಿಂತೆ.

"ಸಾರ್, ನಿಮ್ಮ ಕಚೇರಿ ಇಲ್ಲಿಂದ ಎರಡೇ ಮೈಲಿ. ಒಂದ್ ಸಲ ಒತ್ತಿ ಹೋಯ್ನಿ ಸಾರ್. ಹೆಣ್ಣಿನ ಒಂದ್ ವರ್ಷ ಹಾಳಾತ್ತ್."

"ಸೋಮವಾರ ಬನ್ನಿ ಅಮ್ಮ. ಈಗ ಬ್ರಹ್ಮಾವರದಲ್ಲಿ ಒಂದು ಕಾರ್ಯಕ್ರಮವಿದೆ."

ಅಲ್ಲಿಯೂ ಮಕ್ಕಳು ಕಾಯುತ್ತಿದ್ದರಂತೆ, ಸೇವೆಯ ವಿಷಯ ಕೇಳಲು. ಕಾರು ಹೋಯಿತು.

ಗೌರೀಶ್ ಸರ್ ಕೆಂಪಾಗಿ ಬಂದರು. "ಅಮ್ಮ ಮಗಳ್ ಸೇರಿ ಕಾಲೇಜಿನ ಮರ್ಯಾದಿ ತೆಗ್ದ್ರಿಯಲೆ, ಬ್ಯಾವರ್ಸಿಗಳೇ! ನಾಳಿಂದ ನೀ ಬಪ್ದ್ ಬ್ಯಾಡ!"

"ಆಯ್ತ್ ಸಾರ್. ಇವತ್ತಿನ ಕೆಲ್ಸ ಮುಗ್ಸಿ ಹೋತೆ."

ವೇದಿಕೆ ಹತ್ತಿ ಕುರ್ಚಿಯ ಬಿಳಿ ಟವೆಲ್ ಎಳೆದೆ. ಫಿನಾಯಿಲ್ ಬಕೆಟ್ಟಿನಲ್ಲಿ ಅದ್ದಿ ಹಿಂಡಿದೆ. ಮೊದಲು ವೇದಿಕೆ ಒರೆಸಿದೆ, ಆಮೇಲೆ ಗೌರೀಶ್ ಸರ್ ಅವರ ಕಕ್ಕಸು. ಟವೆಲನ್ನು ಅಲ್ಲಿಯೇ ನಲ್ಲಿಯ ಮೇಲೆ ಒಣಹಾಕಿದೆ.

ಹೊರಗೆ ಮೆಟ್ಟಿಲ ಮೇಲೆ ನವ್ಯಾ ಮೊಬೈಲ್ ನೋಡುತ್ತಿದ್ದಳು. ಐದು ದಾಟಿತ್ತು. ಪರದೆಯಲ್ಲಿ 'ಅವಧಿ ಮುಗಿದಿದೆ' ಎಂದಿತ್ತು.

ಹೋದದ್ದು ಮಗಳ ಒಂದು ವರ್ಷ, ನನ್ನ ಹನ್ನೊಂದು ವರ್ಷದ ಕೆಲಸ. ಕಕ್ಕಸು ಮಾತ್ರ ಚೊಕ್ಕವಾಯಿತು. ಇನ್ನೂರೈವತ್ತರ ಟವೆಲ್ ಅಲ್ಲವೇ, ನೀರು ಚೆನ್ನಾಗಿ ಹೀರುತ್ತದೆ.