ಯಂತ್ರದ ಸದ್ದಿನಲ್ಲಿ ಕೇಳಿದ ಮಾತು

ನಾನು ಸಾಗುವಾನಿ ಮರದ ಒಂದು ಸಾಕ್ಷಿ ಕಟಕಟೆ. ನನ್ನನ್ನು ಮಾಡಿದ ಮೌನೇಶ ಬಡಿಗೇರ, ಕೊನೆಗೆ ತಾನೇ ಒಳಗೆ ನಿಂತು, ಅಡ್ಡಪಟ್ಟಿ ಅಲ್ಲಾಡಿಸಿ ನೋಡಿ, ಗಾಡಿಯಲ್ಲಿ ಕೋರ್ಟಿಗೆ ಕಳಿಸಿದ.

ಅಲ್ಲಿ ಜನರ ಪರಿಚಯ ನನಗಾದದ್ದು ಅವರ ಕೈಗಳಿಂದ. ಸರ್ಕಾರಿ ವಕೀಲರು ಕೇಳುವಾಗ ಕೈಗಳು ಹಗುರವಾಗಿರುತ್ತಿದ್ದವು. ಆರೋಪಿಯ ವಕೀಲರು ಪಾಟೀಸವಾಲಿಗೆ ಎದ್ದರೆ ಸಾಕು, ನನ್ನನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಹೇಳಿದ್ದನ್ನೇ ಮತ್ತೆ ಯಾಕೆ ಕೇಳುತ್ತಾರೆ? ಬಹಳ ದಿನ ನನಗೆ ಅರ್ಥವಾಗಲಿಲ್ಲ. ಅಂಗೈ ಬೆವರಿದವನು ಸುಳ್ಳುಗಾರ ಎಂದುಕೊಂಡಿದ್ದೆ, ಈರಪ್ಪ ಬರುವ ತನಕ.

ಈರಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನ ಕೂಲಿ. ಅಲ್ಲಿನ ಮೇಸ್ತ್ರಿಯನ್ನು ಯಾರೋ ಸಲಾಕೆಯಿಂದ ಹೊಡೆದು ಕೊಂದಿದ್ದರು. ಜೊತೆಗಾರ ದ್ಯಾಮಣ್ಣನ ಮೇಲೆ ಆರೋಪ ಬಂದಿತ್ತು.

“‘ನಿನ್ನ ಮುಗಸ್ತೀನಿ’ ಅಂತ ದ್ಯಾಮಣ್ಣ ಮೇಸ್ತ್ರಿಗೆ ಒದರಿದ್ದು ನನ್ನ ಕಿವ್ಯಾಗ ಬಿತ್ರಿ,” ಎಂದ ಈರಪ್ಪ. ಅವನ ಕೈ ಒಂಚೂರೂ ನಡುಗಲಿಲ್ಲ. ಬಾಗಿಲ ಬಳಿ ದ್ಯಾಮಣ್ಣನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ದ್ಯಾಮಣ್ಣನ ವಕೀಲರಾದ ಸುಮಿತ್ರಾ ಹೊಸಮನಿ ದನಿ ಏರಿಸಲೇ ಇಲ್ಲ.

“ಆಗ ಮಷೀನ್ ನಡದಿತ್ತೇನ್ರಿ, ಈರಪ್ಪ?”

“ನಡದಿತ್ರಿ ಬಾಯಾರ. ಊಟದ ಹೊತ್ತಿಗಷ್ಟ ಬಂದ್ ಆಗತೈತ್ರಿ.”

“ನೀವು ಮಷೀನ್ ಹತ್ರ, ದ್ಯಾಮಣ್ಣ ಹತ್ತಿ ರಾಶಿ ಹತ್ರ. ಅಷ್ಟ ದೂರದಿಂದ ಒಬ್ರನ್ನೊಬ್ರು ಹೆಂಗ ಕರೀತೀರಿ?”

“ಕೈಸನ್ನಿ ಮಾಡ್ತೀವ್ರಿ. ಆ ಸದ್ದಿನ್ಯಾಗ ಒದರಿದ್ರ ಏನೂ…”

ಮಾತು ಅಲ್ಲೇ ನಿಂತಿತು. ಅವನ ಅಂಗೈ ಆಗ ಬೆವರಿತು.

“ಹಂಗಾರ ಆ ಮಾತು ನಿಮಗ ಯಾರು ಹೇಳಿದ್ರು?”

ಈರಪ್ಪ ನನ್ನ ಅಡ್ಡಪಟ್ಟಿಯಿಂದ ಕೈ ತೆಗೆದು ಅಂಗಿಗೆ ಒರೆಸಿಕೊಂಡ. “ಬಾಯಿ ಅಲ್ಲಾಡಿದ್ದು ಕಂಡಿತ್ರಿ. ಮಾತು… ಮರುದಿನ ಚಹಾದಂಗಡ್ಯಾಗ ಮಂದಿ ಆಡಿಕೊಂಡ್ರು. ಆಮ್ಯಾಲ ನಾನ ಕೇಳಿದಂಗ ಆತ್ರಿ.”

ಬೇರೆ ಸಾಕ್ಷ್ಯವಿರಲಿಲ್ಲ. ದ್ಯಾಮಣ್ಣನ ಬಿಡುಗಡೆಯಾಯಿತು. ತೀರ್ಪಿನ ದಿನ ಎಲ್ಲರೂ ಹೋದ ಮೇಲೆ ಈರಪ್ಪ ವಕೀಲರ ಹತ್ತಿರ ಬಂದು ತಲೆ ತಗ್ಗಿಸಿ ನಿಂತ.

“ಬಾಯಾರ, ನಾ ಸುಳ್ಳ ಹೇಳಲಿಲ್ರಿ.”

“ಗೊತ್ತೈತ್ರಿ,” ಎಂದರು ಅವರು. “ಅದಕ್ಕ ಅಷ್ಟ ಮೆತ್ತಗ ಕೇಳಿದೆ.”

ಈಗ ಕೋರ್ಟಿಗೆ ಮೈಕ್ ಇರುವ ಹೊಸ ಕಟಕಟೆ ಬಂದಿದೆ. ನಾನು ದಾಖಲೆ ಕೋಣೆಯ ಮೂಲೆಯಲ್ಲಿ ಹಳೆಯ ಕಡತಗಳನ್ನು ಹೊತ್ತು ನಿಂತಿದ್ದೇನೆ. ಮೇಸ್ತ್ರಿಯನ್ನು ಕೊಂದವರು ಯಾರು ಎಂದು ಎಷ್ಟೋ ಸಲ ಯೋಚಿಸುತ್ತೇನೆ. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿರಲಿಲ್ಲ; ಆ ಮೂರು ಪ್ರಶ್ನೆಗಳನ್ನು ಕೇಳುವವರೆಗೆ ಎಲ್ಲರೂ ಗೊತ್ತಿದೆ ಎಂದುಕೊಂಡಿದ್ದರು, ಅಷ್ಟೇ.