ಎರಡು ಬಾಣದ ಏರು

"ಇಳಿದದ್ದು ಯಾಕೋ ಕತ್ತೆ? ತುದಿ ಇಲ್ಲೇ ಇತ್ತಲ್ಲ ಮಾರಾಯ, ಉಗುಳಿದರೆ ಮುಟ್ಟುವಷ್ಟು ದೂರ!"

"ನೀವು ನಿಂತಿದ್ರಲ್ಲ ಭಾವ!"

"ನಾನು ನಿಂತ್ರೆ ನಿಂಗೆಂತ? ನಾನೇನು ಪೊಲೀಸಾ?"

"ನೀವು ಎದುರಲ್ಲಿ ನಿಂತಿರುವಾಗ ನಾನು ಸೈಕಲ್ ಮೇಲೆ ಕೂತ್ಕೊಂಡೇ ಹೋಗುದು ಹೇಗೆ? ಅಕ್ಕನಿಗೆ ಗೊತ್ತಾದ್ರೆ ಎಂತ ಹೇಳಿಯಾಳು?"

"ನಿನ್ನ ಅಕ್ಕ ಎಲ್ಲಿದ್ದಾಳೆ ಇಲ್ಲಿ? ಈ ಕಲ್ಲಿನ ಮೇಲೆ ಇರುದು ನಾನು, ನೀನು, ಮಸೂದ್, ಮತ್ತೆ ಆ ಕೆಂಪು ಮೋರೆಯವ!"

ಕೆಂಪು ಮೋರೆಯ ಹಾರ್ಗ್ರೀವ್ಸ್ ಸಾಹೇಬ ಏರಿನ ತುದಿಯಲ್ಲಿ ನಿಂತು ಎರಡೂ ಕೈ ಅಡ್ಡ ಆಡಿಸುತ್ತಿದ್ದ. ಕಾಲು ನೆಲಕ್ಕೆ ತಾಗಿತು, ಆಟ ಮುಗಿಯಿತು ಎಂದು ಅರ್ಥ. ಸುಂದರ ಸೈಕಲ್ಲಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನ ಬೆವರು ರಸ್ತೆಗೆ ಬಿದ್ದಲ್ಲೇ ಒಣಗುತ್ತಿತ್ತು.

ಸುಂದರ ನನ್ನ ಹೆಂಡತಿಯ ತಮ್ಮ. ಬಹರೈನಿನ ಮುಹರ್ರಕ್‌ನ ನನ್ನ ಸೈಕಲ್ ರಿಪೇರಿ ಅಂಗಡಿಯಲ್ಲಿ ನನ್ನ ಬಲಗೈ. ಹಾರ್ಗ್ರೀವ್ಸ್ ಹಿದ್ ಕಡೆಯ ಹಡಗು ರಿಪೇರಿ ಯಾರ್ಡಿನಲ್ಲಿ ಎಂಜಿನಿಯರ್. ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲಿನ ಸೈಕಲ್ಲುಗಳು ಅವನಲ್ಲಿ ಎರಡಿದ್ದವು. ಚಕ್ರ ಸ್ವಲ್ಪ ಅಲುಗಿದರೂ ನಮ್ಮ ಅಂಗಡಿಗೆ ಓಡಿ ಬರುತ್ತಿದ್ದ. ಬಂದವನು ಸುಮ್ಮನೆ ಕೂರುವ ಜನವಲ್ಲ. ಚೀಲದಿಂದ ಅವನ ಊರಿನ ನಕಾಶೆ ತೆಗೆದು ನನ್ನ ಬೆಂಚಿನ ಮೇಲೆ ಹರಡುತ್ತಿದ್ದ. ಇಂಗ್ಲೆಂಡಿನ ಡರ್ಬಿಶೈರ್ ಅಂತೆ. ಎಲ್ಲಿ ನೋಡಿದರೂ ಗುಡ್ಡ, ಗುಡ್ಡದ ಮೇಲೆ ಕಲ್ಲಿನ ಗೋಡೆ, ಗೋಡೆಯಾಚೆ ಕುರಿ, ಕುರಿಯ ಮೇಲೆ ಮಳೆ. ನಕಾಶೆಯ ರಸ್ತೆಯಲ್ಲಿ ಒಂದು ಬಾಣ ಇದ್ದರೆ ಏರು. ಎರಡು ಬಾಣ ಇದ್ದರೆ ಎದೆ ಒಡೆಯುವ ಏರು.

ಆ ಬಾಣಗಳು ಸುಂದರನ ತಲೆಗೆ ನಾಟಿಬಿಟ್ಟವು. ಪಂಕ್ಚರ್ ಹಾಕುವಾಗಲೂ ಅದೇ ಜಪ. "ಭಾವ, ಕ್ಯಾಸಲ್‌ಟನ್ ಬಿಟ್ಟ ಕೂಡ್ಲೇ ವಿನ್ನಾಟ್ಸ್ ಅಂತ ಒಂದು ಉಂಟು, ಎರಡು ಬಾಣ! ಗ್ಲಾಸಪ್ ಕಡೆಯಿಂದ ಹೋದ್ರೆ ಸ್ನೇಕ್ ಪಾಸ್, ಹಾವಿನ ಹಾಗೆ ಸುತ್ತಿ ಸುತ್ತಿ ಹತ್ತುದು. ಮೇಲೆ ಬರೀ ಗಾಳಿ ಭಾವ, ಒಂದು ಮನೆ ಇಲ್ಲ!"

"ಮನೆ ಇಲ್ಲದ ಜಾಗಕ್ಕೆ ಸಾಯ್ಲಿಕ್ಕೆ ಹೋಗುದಾ?" ಎಂದು ನಾನು ಬೈಯುತ್ತಿದ್ದೆ.

ಅಷ್ಟರಲ್ಲಿ ಸಾಹೇಬನ ಕೆಲಸದ ಕರಾರು ಮುಗಿಯುವ ಕಾಲ ಬಂತು. ಊರಿಗೆ ಹೋಗಿ ಗೆಳೆಯರ ಜೊತೆ ಬೇಸಿಗೆಯೆಲ್ಲ ಆ ಗುಡ್ಡದ ದಾರಿಗಳಲ್ಲಿ ಸೈಕಲ್ ತುಳಿಯುವುದಂತೆ. ಜೊತೆಗೆ ಒಬ್ಬ ಮೆಕ್ಯಾನಿಕ್ ಬೇಕು, ಅವನೂ ತುಳಿಯುವವನಾಗಬೇಕು, ಟಿಕೆಟ್ ತನ್ನದು ಎಂದ. ಸುಂದರ ಕುಣಿದ. ಸಾಹೇಬ ಒಂದೇ ಷರತ್ತು ಹಾಕಿದ: ಕಾಲು ನೆಲಕ್ಕೆ ತಾಗಿಸದೆ ಏರು ಹತ್ತಿ ತೋರಿಸಬೇಕು.

ಬಹರೈನಿನಲ್ಲಿ ಏರು ಎಲ್ಲಿಂದ ತರುವುದು? ಇಡೀ ದ್ವೀಪ ನೀರ್ ದೋಸೆಯಷ್ಟು ಚಪ್ಪಟೆ. ಸುಂದರ ಕ್ಯಾರಿಯರಿಗೆ ಅಕ್ಕಿ ಮೂಟೆ ಕಟ್ಟಿಕೊಂಡು, ಮುಹರ್ರಕ್ ಸೇತುವೆಯ ಮೇಲೆ ಎದುರುಗಾಳಿ ಬೀಸುವ ದಿನವೇ ಹುಡುಕಿ ತುಳಿದ. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ಅಕ್ಕಿಯ ರೇಟು ಕೇಳಿದರು. ಕೊನೆಗೆ ಪರೀಕ್ಷೆಗೆ ದ್ವೀಪದ ನಡುವಿನ ಜಬಲ್ ದುಖಾನ್ ನಿಗದಿಯಾಯಿತು. ಬೆಟ್ಟ ಎಂದು ಕರೆಯಲು ಇಲ್ಲಿ ಇರುವುದು ಅದೊಂದೇ. ಶುಕ್ರವಾರ ಬೆಳಿಗ್ಗೆ ಮಸೂದನ ಪಿಕಪ್ಪಿನಲ್ಲಿ ಹೋದೆವು. ಮಸೂದ್ ನಮ್ಮ ಕಡೆಯ ಬ್ಯಾರಿ, ಇಂಗ್ಲಿಷು ಬಲ್ಲವ. ನಾನು ಹೋದದ್ದು ಸುಂದರ ಸೋಲುವುದನ್ನು ನೋಡಲಿಕ್ಕೆ. ಅಂಗಡಿ ಬಿಟ್ಟು ಗುಡ್ಡ ಹತ್ತಲು ಹೊರಟವನು ಸೋಲಲಿ ಎಂದೇ ರಸ್ತೆಯ ಬದಿಯಲ್ಲಿ ಕೈಕಟ್ಟಿ ನಿಂತೆ.

ನನ್ನನ್ನು ಕಂಡು ಅವನು ಇಳಿದ!

ನಮ್ಮೂರಲ್ಲಿ ಹಿರಿಯರು ಎದುರಾದರೆ ಸೈಕಲ್ಲಿಂದ ಇಳಿಯುವುದು ಉಂಟು. ಇಳಿದು, ಬದಿಗೆ ನಿಂತು, ಎರಡು ಮಾತಾಡಿ, ಅವರು ದಾಟಿದ ಮೇಲೆ ಹತ್ತಬೇಕು. ನಾನೂ ಮಾವನನ್ನು ಕಂಡು ಹಾಗೆ ಇಳಿದವನೇ. ಒಮ್ಮೆ ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಸೈಕಲ್ಲಿಂದ ಇಳಿಯಲು ಹೋಗಿ ಮಾವನನ್ನೂ ಎಳೆದುಕೊಂಡು ಗದ್ದೆಯ ಕೆಸರಿಗೆ ಬಿದ್ದಿದ್ದೆ. ಆದರೂ ಮರ್ಯಾದೆ ಉಳಿಯಿತು ಎಂದು ಮಾವ ಹೊಗಳಿದ್ದರು.

ಸಾಹೇಬ ಇಳಿದು ಬಂದು, "ನೋ ಗುಡ್" ಎಂದ.

ನನ್ನ ನೆತ್ತಿಗೆ ಏರಿತು. ಬೇಡ ಎನ್ನಬೇಕಾದವನು ನಾನು. ಇವನ್ಯಾರು? "ಮಸೂದ್, ಹೇಳು ಅವನಿಗೆ! ಹುಡುಗನ ಕಾಲಿಗೆ ಸುಸ್ತಾಗಿ ಇಳಿದದ್ದಲ್ಲ. ಮರ್ಯಾದೆಗೆ ಇಳಿದದ್ದು!"

ಮಸೂದ್ ಕೈ ಬಾಯಿ ಎರಡನ್ನೂ ಬಳಸಿ ವಿವರಿಸಿದ. ಸಾಹೇಬ ಮೊದಲು ಬಾಯಿ ತೆರೆದ. ಆಮೇಲೆ ಎಷ್ಟು ನಕ್ಕನೆಂದರೆ ಪಿಕಪ್ಪಿಗೆ ಒರಗಿ ಕೂತುಬಿಟ್ಟ. ಕಣ್ಣೊರೆಸಿಕೊಂಡು ಏನೋ ಹೇಳಿದ.

"ಎಂತ ಅಂತೆ?" ಎಂದೆ.

"ಅವರ ಗುಡ್ಡದಲ್ಲಿ ರಸ್ತೆಬದಿ ತುಂಬ ಮುದುಕರೇ ನಿಂತಿರ್ತಾರಂತೆ ಕಮಲಾಕ್ಷಣ್ಣ. ಎಲ್ಲರಿಗೂ ಇಳಿದ್ರೆ ಕ್ರಿಸ್ಮಸ್ಸಿಗೂ ಮನೆ ಮುಟ್ಲಿಕ್ಕಿಲ್ಲವಂತೆ. ಇನ್ನೊಂದು ಸಲ ಹತ್ತಲಿ, ನೀವು ಅಲ್ಲೇ ನಿಲ್ಬೇಕಂತೆ."

ಸುಂದರನ ಮುಖ ಬಾಡಿತು. "ಭಾವ, ನೀವು ಗಾಡಿಯೊಳಗೆ ಕೂತ್ಕೊಳ್ಳಿ. ಇಲ್ಲಾಂದ್ರೆ ಆ ಕಡೆ ತಿರುಗಿ."

"ತಿರುಗುದಿಲ್ಲ! ಈ ಸಲ ಇಳಿದ್ರೆ ಕಾಲು ಮುರೀತೇನೆ. ನಡಿ ಕೆಳಗೆ!"

ಅವನು ಬುಡದಿಂದ ಹೊರಟ. ಏರು ಕಡಿದಾದಲ್ಲಿ ಸೀಟಿಂದ ಎದ್ದು ನಿಂತು ತುಳಿದ. ಹತ್ತಿರ ಬಂದಂತೆ ನನ್ನ ಮುಖ ನೋಡಿದ. ವೇಗ ಇಳಿಯಿತು. ಬಲಗಾಲು ಪೆಡಲಿನಿಂದ ಮೇಲೆದ್ದಿತು.

"ಇಡು ಕಾಲು! ಪೆಡಲಿಗೆ ಇಡು! ನಾನು ಹಿರಿಯನಲ್ಲ, ನಾನು ಕಲ್ಲು! ನಾನು ಕುರಿ!"

"ಕ್ಷಮಿಸಿ ಭಾವಾ!" ಎಂದು ಅವನು ಕಿರುಚಿದ. ಕಣ್ಣು ಮುಚ್ಚಿಕೊಂಡು ತುಳಿದ.

ಕಣ್ಣು ಮುಚ್ಚಿದವನು ನೇರ ಹೋಗುತ್ತಾನೆಯೇ? ಸೈಕಲ್ ನನ್ನ ಕಡೆಗೇ ವಾಲಿತು. ನಾನು ಲುಂಗಿ ಎತ್ತಿ ಕಟ್ಟಿ ಅವನ ಮುಂದೆ ಏರಿನಲ್ಲಿ ಓಡಿದೆ. "ಎಡಕ್ಕೆ! ಎಡಕ್ಕೆ ಹಂದಿ, ಕಣ್ಣು ಬಿಡು!" ಸಾಹೇಬ ಮೇಲಿನಿಂದ ಮುಟ್ಟಬೇಡ, ಮುಟ್ಟಬೇಡ ಎಂದು ಕೂಗುತ್ತಿದ್ದ. ಮುಟ್ಟಲಿಕ್ಕೆ ನನಗೆಲ್ಲಿ ಪುರುಸೊತ್ತು? ಮುಂದಿನ ಚಕ್ರ ನನ್ನ ಹಿಮ್ಮಡಿಗೆ ಬಂದಿತ್ತು. ಮಸೂದ್ ಪಿಕಪ್ಪಿನ ಹಾರ್ನ್ ಒತ್ತಿ ಹಿಡಿದಿದ್ದ. ಏರು ಮುಗಿಯಿತು, ನನ್ನ ಉಸಿರು ಮುಗಿಯಿತು, ನಾನು ಬದಿಯ ಜಲ್ಲಿಗೆ ಬಿದ್ದೆ. ಸುಂದರ ನನ್ನನ್ನು ದಾಟಿ, ಸಾಹೇಬನನ್ನೂ ದಾಟಿ, ನಿಲ್ಲಲು ಮರೆತವನ ಹಾಗೆ ಸುತ್ತು ಹೊಡೆಯುತ್ತಲೇ ಇದ್ದ.

"ಇಳೀಲಿಲ್ಲ ಭಾವ! ನಾನು ಇಳೀಲಿಲ್ಲ!"

"ಈಗ ಇಳಿಯೋ ಸಾಕು!" ಎಂದೆ. ನಗುತ್ತಿದ್ದೆನೋ ಕೆಮ್ಮುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಸಾಹೇಬ ಬಂದು ನನ್ನ ಕೈಯನ್ನೂ ಕುಲುಕಿದ. ನನ್ನನ್ನೂ ಕರೆದುಕೊಂಡು ಹೋಗುತ್ತಾನಂತೆ, ಮುಂದೆ ಓಡಲಿಕ್ಕೆ.

ಜೂನ್ ತಿಂಗಳಲ್ಲಿ ಸುಂದರ ಹೊರಟ ದಿನವೂ ಜಗಳವೇ. ಅಲ್ಲಿ ಮಳೆ ಉಂಟು, ಕೊಡೆ ತೆಗೆದುಕೊಂಡು ಹೋಗು ಎಂದೆ.

"ಸೈಕಲ್ಲಲ್ಲಿ ಕೊಡೆಯಾ ಭಾವ? ಆ ಗಾಳಿಗೆ?"

"ಊರಲ್ಲಿ ಒಂದು ಕೈಯಲ್ಲಿ ಹಿಡೀತಿರಲಿಲ್ವಾ? ಇಂಗ್ಲೆಂಡಿಗೆ ಹೋದ ಕೂಡ್ಲೇ ಎರಡೂ ಕೈ ಬೇಕಾ?"

"ಎರಡು ಬಾಣ ಭಾವ, ಎರಡು ಕೈ ಬೇಕು!"

"ಬಾಣವೂ ಬೇಡ, ಬಿಲ್ಲೂ ಬೇಡ, ಕೊಡೆ ಹಿಡಿ!"

ಅವನು ಕೊಡೆಯನ್ನು ಟಯರಿನ ರಾಶಿಯ ಮೇಲೆ ಎಸೆದ. ನಾನು ಎತ್ತಿ ಅವನ ಚೀಲಕ್ಕೆ ತುರುಕಿದೆ. ಅವನು ಮತ್ತೆ ಎಳೆದು ತೆಗೆದ. ಇಬ್ಬರೂ ಬೈದುಕೊಂಡು, ನಕ್ಕು, ಮತ್ತೆ ಬೈದುಕೊಂಡೆವು. ಮಸೂದನ ಪಿಕಪ್ ಬೇಡ, ವಿಮಾನ ನಿಲ್ದಾಣ ಇಲ್ಲೇ ತಾನೇ, ನಡೆದೇ ಹೋಗುತ್ತೇನೆ ಎಂದ. ಬಗ್ಗಿ ನನ್ನ ಕಾಲು ಮುಟ್ಟಿದ. ಗ್ರೀಸ್ ಮೆತ್ತಿಕೊಂಡ ಕೈಯನ್ನು ನನ್ನ ಲುಂಗಿಗೇ ಒರೆಸಿದ. ನಾನು ಹೊಡೆಯಲು ಕೈ ಎತ್ತುವಷ್ಟರಲ್ಲಿ ಚೀಲ ಹೆಗಲಿಗೇರಿಸಿ, ಕಿಸಿಕಿಸಿ ನಗುತ್ತಾ ಬಾಗಿಲು ದಾಟಿ ಓಡಿದ.

ಬೇಸಿಗೆ ಮುಗಿಯುವ ಮೊದಲೇ, ಎರಡು ಬಾಣದ ಒಂದು ದಾರಿಯಲ್ಲಿ ಗಾಳಿಗೆ ಸೈಕಲ್ ಉರುಳಿ ಸುಂದರ ತೀರಿಕೊಂಡ ಎಂದು ಸಾಹೇಬನ ಫೋನು ಬಂತು. ಆ ಬಾಗಿಲಿಗೆ ಅವನು ಮತ್ತೆ ಬರಲಿಲ್ಲ.